ಬಾಗಿಲಿಗೆ ತಕ್ಕ ಬೀಗ

ಹೊಸ ಬೀಗ ಕೊಳ್ಳಲು ಹೊರಡುವ ಮೊದಲು ಮುಂಬಾಗಿಲ ಚಿಲಕವನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಬೀಗ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಹಿಡಿದ ಕೊಂಡಿ ಮಾತ್ರ ಅರ್ಧ ಇಂಚಿನ ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಕಬ್ಬಿಣದ ಸರಳಿನಿಂದ ಮೀಟಿದರೆ ಬೀಗ ಮುರಿಯುವ ಕೆಲಸವೇ ಇಲ್ಲ, ಕೊಂಡಿಯೇ ಕಿತ್ತು ಬರುತ್ತದೆ. ಬಡಗಿಯನ್ನು ಕರೆಸಿ, ಚೌಕಟ್ಟಿನೊಳಕ್ಕೆ ಆಳವಾಗಿ ಇಳಿಯುವ ಸ್ಕ್ರೂ ಹಾಕಿಸಿ. ಬಾಗಿಲ ಒಳಬದಿಯಲ್ಲಿ ನಟ್ ಬಿಗಿಯುವ ಬೋಲ್ಟ್ ಆದರೆ ಇನ್ನೂ ಒಳ್ಳೆಯದು.

ಹೊರಗೆ ತೂಗುವ ಬೀಗ, ಮನೆಯಲ್ಲಿ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುತ್ತದೆ. ಹಾಗಾಗಿ ಮುಂಬಾಗಿಲಿಗೆ, ಮರದೊಳಗೇ ಕೂರುವ ಮಾರ್ಟಿಸ್ ಬೀಗವನ್ನೇ ನಾನು ಹೇಳುವುದು. ತೂಗುಬೀಗವೇ ಬೇಕಿದ್ದರೆ ಗಾತ್ರ ಕಂಡು ಮರುಳಾಗಬೇಡಿ, 7 ಅಥವಾ 8 ಲಿವರ್‌ಗಳದ್ದನ್ನು ಕೇಳಿ ಕೊಳ್ಳಿ. ಪ್ರತಿಯೊಂದು ಲಿವರ್ ಸರಿಯಾದ ಎತ್ತರಕ್ಕೆ ಏಳದೆ ಅದು ತೆರೆಯದು. ಕರಾವಳಿಯವರಿಗೆ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್; ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬೀಗ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಅಂಟಿಕೊಳ್ಳುತ್ತದೆ. ಗ್ರಾಫೈಟ್ ಪುಡಿ ಸಾಕು.

ಬಾಡಿಗೆ ಮನೆಗೆ ಹೊಸದಾಗಿ ಬಂದಿದ್ದೀರಾ? ಹಿಂದಿದ್ದವರ ಬಳಿ ಇನ್ನೊಂದು ಕೀಲಿಕೈ ಉಳಿದಿರಬಹುದು. ಮಾಲೀಕರನ್ನು ಕೇಳಿ ಬೀಗದ ಸಿಲಿಂಡರ್ (ಕೀಲಿಕೈ ತೂರುವ ಭಾಗ) ಬದಲಿಸಿಕೊಳ್ಳಿ. ಮತ್ತೆ, ಸಣ್ಣ ಮಕ್ಕಳಿದ್ದರೆ ಬಚ್ಚಲಿಗೆ ಹೊರಗಿನಿಂದಲೂ ತೆರೆಯಲಾಗುವ ಲಾಕ್ ಹಾಕಿಸುವುದನ್ನು ದಯವಿಟ್ಟು ಮರೆಯಬೇಡಿ.