ದೀರ್ಘಕಾಲದ ಸೊಂಟನೋವು: ಫಿಜಿಯೋಥೆರಪಿ ಮತ್ತು ನಡುಭಾಗದ ಸ್ನಾಯುಬಲ ತರಬೇತಿ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ವಿಷಯದ ಮಹತ್ವ

ಈ ಐದು ತಾಲೂಕುಗಳ ಜನಜೀವನ ಬಹುಮಟ್ಟಿಗೆ ಬೆನ್ನಿನ ದುಡಿಮೆಯ ಮೇಲೆ ನಿಂತಿದೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ತೀರದ ಕಬ್ಬು ಕಾರ್ಖಾನೆ ಸೇರಬೇಕಾದರೆ ಕಟಾವಿನ ಗ್ಯಾಂಗಿನವರು ನೆಲಮಟ್ಟಕ್ಕೆ ಬಾಗಿ ಕೊಯ್ಯಬೇಕು, ಹೊರೆ ಕಟ್ಟಬೇಕು, ಅದನ್ನು ತಲೆಯ ಮೇಲೆ ಹೊತ್ತು ಟ್ರಾಲಿ ಏರಬೇಕು. ನಿಪ್ಪಾಣಿ ಭಾಗದಲ್ಲಿ ಬೀಡಿ ಕಟ್ಟುವ ಮಹಿಳೆಯರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತಾಸುಗಟ್ಟಲೆ ಬಾಗಿ ಕುಳಿತಿರುತ್ತಾರೆ. ಇಂಥ ದುಡಿಮೆಯಲ್ಲಿ ಸೊಂಟನೋವು, ಈ ಭಾಗದ ಮಾತಿನಲ್ಲಿ ಟೊಂಕನೋವು, ಸಾಮಾನ್ಯವೆಂದು ಕಡೆಗಣಿಸಲ್ಪಡುತ್ತದೆ.

ಆದರೆ ಅದರ ಬೆಲೆ ಸಣ್ಣದಲ್ಲ. ಮುಂಗಡ ಪಡೆದ ಕಟಾವುದಾರನು ಹಂಗಾಮಿನ ನಡುವೆ ಹಾಸಿಗೆ ಹಿಡಿದರೆ ಕೂಲಿ ನಿಲ್ಲುತ್ತದೆ, ಋಣ ಉಳಿಯುತ್ತದೆ. ಆದುದರಿಂದ ಅನೇಕರು ನೋವಿನ ಗುಳಿಗೆ ನುಂಗಿ ಹೊಲಕ್ಕೆ ಹೋಗುತ್ತಾರೆ. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಸೇವಿಸಿದ ನೋವುನಿವಾರಕಗಳು ಜಠರದಲ್ಲಿ ಹುಣ್ಣನ್ನೂ ಮೂತ್ರಪಿಂಡಗಳಿಗೆ ಹಾನಿಯನ್ನೂ ಉಂಟುಮಾಡಬಲ್ಲವು. ಬಿಸಿಲಿನಲ್ಲಿ ನೀರು ಸಾಲದೆ ದುಡಿಯುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರು ಸೊಂಟನೋವಿನಿಂದ ಬಳಲುತ್ತಿದ್ದರು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ.

2. ನೋವಿನ ಸ್ವರೂಪ

ಸೊಂಟನೋವಿನ ಹತ್ತು ಪ್ರಕರಣಗಳಲ್ಲಿ ಸುಮಾರು ಒಂಬತ್ತರಲ್ಲಿ ನಿರ್ದಿಷ್ಟ ರೋಗವಾಗಲಿ ಮೂಳೆಮುರಿತವಾಗಲಿ ಕಾರಣವೆಂದು ಕಂಡುಬರುವುದಿಲ್ಲ. ಚಿತ್ರಪರೀಕ್ಷೆಯಲ್ಲಿ ಕಾಣುವ "ಸವೆತ" ನೋವಿಲ್ಲದವರಲ್ಲಿಯೂ ಇರುತ್ತದೆ. ಆದಕಾರಣ ಸವೆತವೆಂಬ ಮಾತು ಕೇಳಿದೊಡನೆ ಶಸ್ತ್ರಚಿಕಿತ್ಸೆಗಾಗಿ ಹೊಲ ಅಡವಿಡುವುದೂ, ಜೀವಮಾನವಿಡೀ ಮಲಗಿರಬೇಕೆಂದು ಹೆದರುವುದೂ ಸಲ್ಲದು. ದೀರ್ಘ ವಿಶ್ರಾಂತಿಯಿಂದ ಸ್ನಾಯುಗಳು ಇನ್ನಷ್ಟು ಕ್ಷೀಣಿಸುತ್ತವೆ.

ಬೆನ್ನೆಲುಬನ್ನು ಹಿಡಿದು ನಿಲ್ಲಿಸುವುದು ಅದರ ಸುತ್ತಲಿನ ಸ್ನಾಯುಗಳು: ಹೊಟ್ಟೆಯ ಒಳಪದರದ ಅಡ್ಡಸ್ನಾಯು, ಬೆನ್ನುಮೂಳೆಗೆ ಅಂಟಿದ ಕಿರುಸ್ನಾಯುಗಳು, ಮೇಲೆ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಮೇವು ತುಂಬಿದ ಚಕ್ಕಡಿಗೆ ಹಗ್ಗ ಬಿಗಿದಂತೆ ಇವು ನಡುವನ್ನು ಭದ್ರಪಡಿಸುತ್ತವೆ. ಆಸ್ಟ್ರೇಲಿಯಾದ ಸಂಶೋಧಕರಾದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಒಂದು ಸಂಗತಿಯನ್ನು ತೋರಿಸಿದರು. ಆರೋಗ್ಯವಂತರು ಕೈ ಎತ್ತುವ ಮೊದಲೇ ಹೊಟ್ಟೆಯ ಅಡ್ಡಸ್ನಾಯು ಬಿಗಿಯುತ್ತದೆ. ಸೊಂಟನೋವಿರುವವರಲ್ಲಿ ಅದು ತಡವಾಗುತ್ತದೆ. ಈ ಸ್ನಾಯುಗಳನ್ನು ಮತ್ತೆ ಎಚ್ಚರಿಸಿ ಬಲಪಡಿಸುವುದೇ ನಡುಭಾಗದ ತರಬೇತಿ.

3. ನಾಲ್ಕು ಸರಳ ವ್ಯಾಯಾಮಗಳು

ಇವನ್ನು ಮೊದಲ ಸಲ ಫಿಜಿಯೋಥೆರಪಿ ತಜ್ಞರ ಎದುರಿನಲ್ಲಿ ಕಲಿಯುವುದು ಉತ್ತಮ. ನೆಲದ ಮೇಲೆ ಚಾಪೆ ಅಥವಾ ಕೌದಿ ಸಾಕು. ಪ್ರತಿಯೊಂದನ್ನೂ 5ರಿಂದ 10 ಸೆಕೆಂಡು ಹಿಡಿದು, 8ರಿಂದ 10 ಸಲ ಮಾಡಬಹುದು. ಉಸಿರು ಕಟ್ಟಬಾರದು.

(ಅ) ಮೊಣಕಾಲು ಮಡಚಿ ಅಂಗಾತ ಮಲಗಿ, ಹೊಕ್ಕಳಿನ ಕೆಳಭಾಗವನ್ನು ಮೆಲ್ಲನೆ ಒಳಗೆಳೆದು ಹಿಡಿಯುವುದು.
(ಆ) ಅದೇ ಸ್ಥಿತಿಯಲ್ಲಿ ಸೊಂಟವನ್ನು ಮೇಲೆತ್ತಿ ಸೇತುವೆಯಂತೆ ನಿಲ್ಲಿಸುವುದು.
(ಇ) ಅಂಬೆಗಾಲಿನ ಭಂಗಿಯಲ್ಲಿ ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚುವುದು, ನಂತರ ಬದಲಿಸುವುದು.
(ಈ) ಪಕ್ಕಕ್ಕೆ ಮಲಗಿ, ಮೊಣಕೈ ಮತ್ತು ಮಡಚಿದ ಮೊಣಕಾಲಿನ ಆಧಾರದಲ್ಲಿ ಸೊಂಟ ಎತ್ತುವುದು.

ನೋವು ಕಾಲಿಗೆ ಇಳಿದರೆ ಅಥವಾ ಹೆಚ್ಚಿದರೆ ನಿಲ್ಲಿಸಬೇಕು. ಫಲ ಕಾಣಲು ವಾರಗಳೇ ಬೇಕು. ಈ ತರಬೇತಿ ಪವಾಡವಲ್ಲ. ಇತರ ವ್ಯಾಯಾಮಗಳಿಗಿಂತ ಬಹಳ ಮೇಲೆಂದು ಅಧ್ಯಯನಗಳಲ್ಲಿ ಸಿದ್ಧಪಟ್ಟಿಲ್ಲ. ನಿಯಮಿತವಾಗಿ ಮಾಡುವುದೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯು ವ್ಯಾಯಾಮ ಮತ್ತು ತಿಳಿವಳಿಕೆಯನ್ನು ಶಿಫಾರಸು ಮಾಡಿದೆ. ಸೊಂಟದ ಪಟ್ಟಿ ಮತ್ತು ಎಳೆತದ ಚಿಕಿತ್ಸೆಯನ್ನು ವಾಡಿಕೆಯಾಗಿ ಬಳಸಬಾರದೆಂದು ಹೇಳಿದೆ.

4. ತಡಮಾಡಬಾರದ ಲಕ್ಷಣಗಳು

ಮಲಮೂತ್ರದ ಹತೋಟಿ ತಪ್ಪುವುದು, ತೊಡೆಸಂದು ಮರಗಟ್ಟುವುದು, ಕಾಲಿನ ಬಲ ಕುಗ್ಗುವುದು: ಇವು ಕಂಡ ದಿನವೇ ಆಸ್ಪತ್ರೆಗೆ ಕಳುಹಿಸಬೇಕು. ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು, ಬಿದ್ದ ನಂತರದ ನೋವು ಇದ್ದರೂ ವ್ಯಾಯಾಮಕ್ಕೆ ಮೊದಲು ವೈದ್ಯರ ತಪಾಸಣೆ ಆಗಲೇಬೇಕು. ಬೆನ್ನುಮೂಳೆಯ ಕ್ಷಯವೂ ಹೀಗೆಯೇ ತೋರಿಕೊಳ್ಳಬಹುದು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

(ಅ) ಆಶಾ ಕಾರ್ಯಕರ್ತೆಯರು ಮತ್ತು ಸಮುದಾಯ ಆರೋಗ್ಯ ಅಧಿಕಾರಿಯ ನೆರವಿನಿಂದ, ಮೂರು ತಿಂಗಳು ಮೀರಿದ ನೋವಿರುವವರನ್ನು ಗುರುತಿಸುವುದು.

(ಆ) ಫಿಜಿಯೋಥೆರಪಿ ಸೇವೆ ಯಾವ ಆಸ್ಪತ್ರೆಯಲ್ಲಿ, ಯಾವ ದಿನ ದೊರೆಯುತ್ತದೆ ಎಂಬುದನ್ನು ತಾಲೂಕು ಆರೋಗ್ಯಾಧಿಕಾರಿಯಿಂದ ತಿಳಿದು ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಸಂಬಂಧಿತ ಆರೋಗ್ಯ ವೃತ್ತಿಗಳ 2021ರ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಫಿಜಿಯೋಥೆರಪಿಯೂ ಸೇರಿದೆ. ಅರ್ಹತೆಯಿಲ್ಲದವರ ಕೈಗೆ ಬೆನ್ನನ್ನು ಒಪ್ಪಿಸದಂತೆ ಜನರಿಗೆ ತಿಳಿಹೇಳಬೇಕು.

(ಇ) ಕಬ್ಬಿನ ಹಂಗಾಮಿಗೆ ಮುಂಚೆ ತರಬೇತಿ ಶಿಬಿರ ಕೋರುವುದು. ಅಭ್ಯಾಸಕ್ಕೆ ಸಮುದಾಯ ಭವನವನ್ನು ದಿನಕ್ಕೆ ಅರ್ಧ ತಾಸು ತೆರೆದಿಡುವುದು, ಮಹಿಳೆಯರಿಗೆ ಪ್ರತ್ಯೇಕ ವೇಳೆ ಗೊತ್ತುಪಡಿಸುವುದು. ಗಡಿಭಾಗವಾದುದರಿಂದ ಸೂಚನೆಗಳನ್ನು ಅಗತ್ಯವಿದ್ದಲ್ಲಿ ಮರಾಠಿಯಲ್ಲಿಯೂ ವಿವರಿಸುವುದು.

(ಈ) ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬುಟ್ಟಿ ಚಿಕ್ಕದಾಗಿರಲು, ಭಾರವನ್ನು ಇಬ್ಬರು ಎತ್ತಲು, ಅಗೆಯುವವರೂ ಹೊರುವವರೂ ಸರದಿ ಬದಲಿಸಲು ಕಾಯಕ ಬಂಧುಗಳಿಗೆ ತಿಳಿಸುವುದು. ಹೊರೆಯ ಗಾತ್ರ ಕಡಿಮೆಯಿಡುವಂತೆ ಕಟಾವಿನ ಮುಕಾದಮರೊಂದಿಗೆ ಮಾತನಾಡುವುದು.

(ಉ) ಹೊರಗಿನಿಂದ ಬಂದು ಗುಡಿಸಲು ಹಾಕಿಕೊಂಡಿರುವ ಕಟಾವುದಾರರನ್ನು ಬಿಡದಿರುವುದು. ಅವರ ಹೆಸರು ಮತದಾರರ ಪಟ್ಟಿಯಲ್ಲಿಲ್ಲದಿದ್ದರೂ ಅವರ ಬೆನ್ನು ಹೊರುವುದು ಈ ಊರಿನ ಕಬ್ಬನ್ನೇ.

6. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ನಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಯಾವ ಕೆಲಸ ಹೆಚ್ಚು ಜನರ ಬೆನ್ನನ್ನು ಕೆಡಿಸುತ್ತಿದೆ? ನೋವಿನ ಗುಳಿಗೆಗೆ ಒಂದು ಕುಟುಂಬ ತಿಂಗಳಿಗೆ ಎಷ್ಟು ವೆಚ್ಚ ಮಾಡುತ್ತಿದೆ? ಹತ್ತಿರದ ಫಿಜಿಯೋಥೆರಪಿ ಕೇಂದ್ರ ಎಷ್ಟು ದೂರ, ಅಲ್ಲಿಗೆ ಹೋದವರ ಅಂದಿನ ಕೂಲಿ ಉಳಿಯುವುದೇ? ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿ, ಮುಂದಿನ ಗ್ರಾಮಸಭೆಯ ಮುಂದಿಡತಕ್ಕದ್ದು.