ಟಿವಿ ಕೊಳ್ಳುವ ಮುನ್ನ

ಮನೆಗೆ ಹೊಸ ಚಪ್ಪಟೆ ಪರದೆಯ ಟಿವಿ ತರುವುದು ತಪ್ಪಲ್ಲ. ಆದರೆ ಸಾಧನದ ಅಳತೆಯನ್ನು ಗುರಿಯೇ ನಿರ್ಧರಿಸಬೇಕೆಂಬುದು ಸಂತ ತೋಮಾಸ್ ಅಕ್ವಿನಾಸರ ಬೋಧನೆ. ಟಿವಿ ಸಾಧನ; ಮನೆಮಂದಿ ಒಟ್ಟಿಗೆ ಕುಳಿತು ಸಂತೋಷಪಡುವುದು ಗುರಿ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಅಳೆಯಿರಿ. ಟಿವಿ ಇಡುವ ಗೋಡೆಯಿಂದ ನೀವು ಕೂರುವ ಜಾಗ ಎಷ್ಟು ದೂರ? 43 ಅಂಗುಲವೆಂದರೆ ಪರದೆಯ ಅಗಲವಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಉದ್ದ, ಸುಮಾರು 109 ಸೆಂಟಿಮೀಟರ್. ಫುಲ್ ಎಚ್‌ಡಿ ಪರದೆಯಲ್ಲಿ 1920 × 1080 ಚುಕ್ಕಿಗಳಿದ್ದರೆ, 4ಕೆ ಪರದೆಯಲ್ಲಿ 3840 × 2160, ಅಂದರೆ ನಾಲ್ಕು ಪಟ್ಟು. ಆದರೆ ಈ ಗಾತ್ರದ ಟಿವಿಯನ್ನು 8 ಅಡಿ ದೂರದಿಂದ ನೋಡುವ ಕಣ್ಣಿಗೆ ಆ ವ್ಯತ್ಯಾಸ ಅಷ್ಟಾಗಿ ಕಾಣದು.

ಕಣ್ಣಿಗೆ ಕಾಣದ ಚುಕ್ಕಿಗಳಿಗಾಗಿ, ಇಲ್ಲವೇ ನೆರೆಮನೆಯದಕ್ಕಿಂತ ದೊಡ್ಡದಿರಲೆಂದು ಕಂತಿನ ಸಾಲ ಮಾಡಬೇಕೆ? ಆ ಕಂತು ಮಕ್ಕಳ ಶುಲ್ಕದಿಂದಲೋ ಅಜ್ಜಿಯ ಔಷಧಿಯಿಂದಲೋ ಬರುವುದಾದರೆ, ಮನೆಯವರ ಸಂತೋಷಕ್ಕೆಂದು ತಂದದ್ದೇ ಅವರಿಗೆ ಭಾರವಾಗುತ್ತದೆ.

ವಿದ್ಯುತ್ ಉಳಿತಾಯದ ನಕ್ಷತ್ರ ಚೀಟಿಯನ್ನೂ ಓದಿರಿ. ವರ್ಷಕ್ಕೆ ತಗಲುವ ಯೂನಿಟ್ಟುಗಳ ಲೆಕ್ಕ ಅದರಲ್ಲಿದೆ. ಎಷ್ಟು ಹಣ ಹಾಕುವುದು, ರಾತ್ರಿ ಎಷ್ಟು ಗಂಟೆಗೆ ಆರಿಸುವುದು ಎಂಬ ಎರಡನ್ನೂ ಗಂಡ, ಹೆಂಡತಿ, ಮಕ್ಕಳು ಕೂಡಿ ಮೊದಲೇ ತೀರ್ಮಾನಿಸಿರಿ. ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿರಿ.