ಆ ಫಾಲ್ಟ್ ಯಾರಿಗೆ ಸೇರಬೇಕಾದದ್ದು?

ಮಗಳೇ, ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳುತ್ತಲೇ ಗೊತ್ತಾಯಿತು, ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದೀಯ ಅಂತ. ಒಳಗಿನ ಗೆಸ್ಟ್ ಬೂಟ್ ಆಗುವಾಗಲೇ ನಿಂತುಬಿಡುತ್ತದೆ, ಒಂದೇ ವಿಳಾಸಕ್ಕೆ ಇಪಿಟಿ ವಯಲೇಶನ್ ಮತ್ತೆ ಮತ್ತೆ ಬರುತ್ತದೆ ಅಂದೆ. ಕೊನೆಗೆ, "ಆ ಪುಟಕ್ಕೆ ನಾನೇ ಅನುಮತಿ ಕೊಟ್ಟುಬಿಟ್ಟರೆ ಆಗೋಲ್ವಾ ಚಿಕ್ಕಪ್ಪ?" ಅಂದೆಯಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಹಾಗೆ ಮಾಡಬೇಡ.

ನಿನ್ನ ಕೆವಿಎಂ ಎಲ್ಲಕ್ಕಿಂತ ಕೆಳಗಿನದು, ಎಲ್‌ಝೀರೊ. ಅದರ ಮೇಲೆ ಎಲ್‌ಒನ್ ಹೈಪರ್‌ವೈಸರ್, ಅದರೊಳಗೆ ಎಲ್‌ಟೂ ಗೆಸ್ಟ್. ಪ್ರೊಸೆಸರಿಗೆ ಈ ಮೂರು ಅಂತಸ್ತಿನ ಅರಿವಿಲ್ಲ. ಹಾಗಾಗಿ ಎಲ್‌ಒನ್ ಬರೆದ ಇಪಿಟಿಯನ್ನೂ (ಗೆಸ್ಟಿನ ವಿಳಾಸಗಳನ್ನು ಹೊಂದಿಸುವ ಟೇಬಲ್) ನಮ್ಮದನ್ನೂ ಬೆಸೆದು ಮೂರನೆಯದೊಂದನ್ನು ನಾವೇ ಕಟ್ಟಿಕೊಡುತ್ತೇವೆ. ಐಬಿಎಂನ ಹೈಫಾ ಸಂಶೋಧಕರು 2010ರಲ್ಲಿ ಟರ್ಟಲ್ಸ್ ಪ್ರಬಂಧದಲ್ಲಿ ಇದನ್ನು ಮಾಡಿ ತೋರಿಸಿದರು. ಲಿನಕ್ಸಿಗೆ ಬಂದದ್ದು 2013ರ 3.12 ಆವೃತ್ತಿಯಲ್ಲಿ.

ಬೆಸೆದ ಟೇಬಲಿನಲ್ಲಿ ಕೊರತೆ ಕಂಡಾಗ ಮೊದಲು ಎಚ್ಚರವಾಗುವುದು ನಮಗೆ. ಆಗ ಎಲ್‌ಒನ್‌ನ ಟೇಬಲನ್ನು ನಡೆದು ನೋಡು. ಅಲ್ಲಿ ಅನುಮತಿ ಇದ್ದರೆ ಬಾಕಿ ನಮ್ಮದು, ಸದ್ದಿಲ್ಲದೆ ತುಂಬು. ಇಲ್ಲದಿದ್ದರೆ ಆ ಫಾಲ್ಟ್ ಎಲ್‌ಒನ್‌ಗೆ ಸೇರಬೇಕು, ಪ್ರೊಸೆಸರೇ ಹೇಳಿದ ಹಾಗೆ. ಎಲ್‌ಟೂ ತನ್ನದೇ ಪೇಜ್ ಟೇಬಲಿನಲ್ಲಿ ಎಡವಿದ್ದರೆ ಅದು ಎಲ್‌ಟೂಗೇ ಹೋಗುವ ಪೇಜ್ ಫಾಲ್ಟ್.

ನಿನ್ನ ವಯಸ್ಸಿನಲ್ಲಿ ನಾನೂ ನೀನು ಯೋಚಿಸಿದ್ದನ್ನೇ ಮಾಡಿದೆ. ಗೆಸ್ಟ್ ಓಡಿತು, ಹಿಗ್ಗಿದೆ. ಆದರೆ ಎಲ್‌ಒನ್ ಲೈವ್ ಮೈಗ್ರೇಶನ್‌ಗಾಗಿ ಆ ಪುಟಗಳ ಬರೆಯುವ ಅನುಮತಿಯನ್ನು ಬೇಕೆಂದೇ ತೆಗೆದಿತ್ತು, ಯಾವ ಪುಟ ಬದಲಾಯಿತು ಎಂದು ಲೆಕ್ಕ ಇಡಲು. ನಾನು ಗುಟ್ಟಾಗಿ ಅನುಮತಿ ಕೊಟ್ಟಿದ್ದರಿಂದ ಬದಲಾದ ಪುಟಗಳು ಅದರ ಲೆಕ್ಕಕ್ಕೇ ಸಿಗಲಿಲ್ಲ. ಆಚೆ ಯಂತ್ರದಲ್ಲಿ ಗೆಸ್ಟ್ ಎದ್ದದ್ದು ಹಳೆಯ ಡೇಟಾದೊಂದಿಗೆ. ಕ್ರ್ಯಾಶ್ ಆಗಿದ್ದರೂ ಬೇಕಿತ್ತು, ಅವತ್ತೇ ತಿಳಿಯುತ್ತಿತ್ತು. ಈ ತಪ್ಪು ಒಬ್ಬರ ಡೇಟಾಬೇಸಿನೊಳಗೆ ಕೂತು ಬಹಳ ದಿನ ಕೊಳೆಯಿತು.

ಫಾಲ್ಟನ್ನು ಸರಿಯಾದವರಿಗೆ ಮುಟ್ಟಿಸಿದರೂ ಅದರ ಜೊತೆಗಿನ ವಿವರ ತಪ್ಪಿದ್ದರೆ ಪ್ರಯೋಜನವಿಲ್ಲ. ನಿನಗೆ ಮತ್ತೆ ಮತ್ತೆ ಬರುವ ಆ ಫಾಲ್ಟಿನ ಮೂಲ ಇಲ್ಲೇ ಇದೆ ಎಂದು ನನ್ನ ಅನುಮಾನ. ಬರೆಯಲು ಹೋಗಿ ಆದ ಫಾಲ್ಟನ್ನು ಓದಿದ್ದು ಎಂದು ನಾವು ವರದಿ ಕೊಟ್ಟರೆ, ಎಲ್‌ಒನ್ ನೋಡುತ್ತದೆ: ಓದುವ ಅನುಮತಿ ಇದ್ದೇ ಇದೆಯಲ್ಲ! ಏನೂ ಮಾಡದೆ ಗೆಸ್ಟನ್ನು ಮತ್ತೆ ಓಡಿಸುತ್ತದೆ. ಅದೇ ಬರಹ, ಅದೇ ಫಾಲ್ಟ್. ಎಕ್ಸಿಟ್ ಕ್ವಾಲಿಫಿಕೇಶನ್‌ನ ಒಂದೊಂದು ಬಿಟ್ಟನ್ನೂ ಇಂಟೆಲ್ ಕೈಪಿಡಿ ಪಕ್ಕಕ್ಕಿಟ್ಟುಕೊಂಡು ಹೋಲಿಸು. ಬಿಟ್ 8ನ್ನು ಮರೆಯಬೇಡ. ಫಾಲ್ಟ್ ಕೊನೆಯ ವಿಳಾಸದಲ್ಲಾಯಿತೋ, ಪೇಜ್ ಟೇಬಲ್ ನಡೆಯುವಾಗಲೋ ಎಂದು ಹೇಳುವುದು ಅದೇ.

ಇನ್ನೊಂದು. ಎಲ್‌ಟೂಗೆ ಇಂಟರಪ್ಟ್ ಒಂದನ್ನು ತಲುಪಿಸುವ ನಡುವೆಯೇ ಫಾಲ್ಟ್ ಆಗಿರಬಹುದು. ಆ ಅರ್ಧಕ್ಕೆ ನಿಂತ ಇಂಟರಪ್ಟನ್ನು ಐಡಿಟಿ ವೆಕ್ಟರಿಂಗ್ ಜಾಗದಲ್ಲಿ ಬರೆದಿಡದಿದ್ದರೆ ಎಲ್‌ಒನ್‌ಗೆ ಅದು ಗೊತ್ತೇ ಆಗುವುದಿಲ್ಲ. ಡಿಸ್ಕ್ ತನ್ನ ಕೆಲಸ ಮುಗಿಸಿರುತ್ತದೆ, ಗೆಸ್ಟ್ ಮಾತ್ರ ಕಾಯುತ್ತಲೇ ಇರುತ್ತದೆ.

ಪ್ಯಾಚ್ ಬರೆಯುವ ಮುಂಚೆ, ಈಗಿನ ಕೋಡಿನಲ್ಲಿ ಸೋಲುವ ಒಂದು ಪುಟ್ಟ ಟೆಸ್ಟ್ ಬರೆ. ಕೆವಿಎಂ ಯೂನಿಟ್ ಟೆಸ್ಟ್‌ಗಳಲ್ಲಿ ಇಪಿಟಿಯವು ಆಗಲೇ ಇವೆ, ಅವುಗಳ ಪಕ್ಕದಲ್ಲೇ ಸೇರಿಸು. ಇವತ್ತು ಮಾತ್ರ ಊಟ ಮಾಡಿ ಮಲಗು. ನಾಳೆ ಟ್ರೇಸ್ ಫೈಲ್ ಕಳಿಸು, ಆ ಬಿಟ್‌ಗಳನ್ನು ಇಬ್ಬರೂ ಕೂತು ಓದೋಣ.